ಫ್ರಿಜ್ಜಿನಲ್ಲಿ ರೈಲಿನ ನಿಂಬೆಹಣ್ಣು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ ಮೊಟ್ಟೆ ಇಡಲೆಂದು ಮಾಡಿದ ಗುಂಡಿಗಳ ಸಾಲೊಂದಿದೆ. ಶಿವಪೂಜೆಯ ಮನೆಯಾದ್ದರಿಂದ ಆ ಗುಂಡಿಗಳಿಗೆ ತಮ್ಮ ಜನ್ಮದ ಉದ್ದೇಶವೇ ತಿಳಿಯದೆ ಹೋಗಿದೆ. ಅವುಗಳಲ್ಲಿ ನಾವು ನಿಂಬೆಹಣ್ಣು ಇಡುತ್ತೇವೆ. ಸಾಲಿನ ಕೊನೆಯ ಗುಂಡಿಯ ಹಣ್ಣನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಬೇಸಿಗೆಯ ಮಧ್ಯಾಹ್ನ ಬೀಗರು ಬಂದು, ಪಡಸಾಲೆಯಲ್ಲಿ ಬೆವರೊರೆಸಿಕೊಳ್ಳುತ್ತ ಕುಳಿತು, ಶರಬತ್ತಿಗೆ ಒಂದು ಹಣ್ಣು ಕಡಿಮೆ ಬಿದ್ದಾಗಲೂ ಅಷ್ಟೇ. ನನ್ನ ಕೈ ಅತ್ತ ಹೋಗುವುದೇ ತಡ, ಅಡುಗೆಮನೆಯ ಹೊಸ್ತಿಲಿನಿಂದ ಅತ್ತೆಯವರ ದನಿ ಬರುತ್ತದೆ: “ಅದನ್ನ ಬಿಡು ಶೋಭಾ, ಅದು ರೈಲಿಂದು.”

ನೀವು ಹುಬ್ಬೇರಿಸುವುದು ನ್ಯಾಯವೇ. ನಮ್ಮ ಶಹಾಪುರಕ್ಕೆ ರೈಲಿಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಿ, ಭೀಮಾನದಿ ದಾಟಿ, ಯಾದಗಿರಿಗೇ ಹೋಗಬೇಕು. ಹೀಗಿರುವಾಗ ನಮ್ಮ ನಿಂಬೆಹಣ್ಣಿಗೂ ರೈಲಿಗೂ ಎಲ್ಲಿಯ ನಂಟು? ನಂಟು ಇಷ್ಟೇ: ದೂರದೇಶದ ಒಂದು ಕಂಪನಿ ಹೆಬ್ಬೆರಳುದ್ದದ ಹೊಸ ಮಾದರಿ ಇಂಜಿನ್ನೊಂದನ್ನು ಬಿಡುಗಡೆ ಮಾಡುವುದಾಗಿ ಸಾರಿದೆ. ನಾಲ್ಕೇ ಚಕ್ರದ ಆ ಪುಟಾಣಿಗೆ ನಾನು ಮುಂಗಡವಾಗಿ ಹೆಸರು ಹಚ್ಚಿದ್ದೇನೆ. ಹೊಸ ಗಾಡಿ ಮನೆಗೆ ಬಂದ ದಿನ ಅದನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ, ಆಮೇಲಷ್ಟೇ ನಮ್ಮದೆನ್ನಬೇಕೆಂಬುದು ಅತ್ತೆಯವರ ಶಾಸನ. ಟ್ರ್ಯಾಕ್ಟರಿಗೆ ಆದದ್ದು, ಮಗಳ ಸ್ಕೂಟಿಗೆ ಆದದ್ದು, ಇದಕ್ಕೂ ಆಗತಕ್ಕದ್ದು. ಹಣ್ಣು ಇಂಜಿನ್ನಿಗಿಂತ ದಪ್ಪವಾಗಿರುವುದರಿಂದ ಯಾವುದು ಯಾವುದನ್ನು ಅಪ್ಪಚ್ಚಿ ಮಾಡೀತು ಎಂಬ ನನ್ನ ತಾಂತ್ರಿಕ ಆಕ್ಷೇಪಣೆಯನ್ನು ಅವರು ಈವರೆಗೆ ಪುರಸ್ಕರಿಸಿಲ್ಲ.

ಯುಗಾದಿಯ ಹೊತ್ತಿಗೆ ಬರುತ್ತದೆ ಎಂದಿದ್ದರು. ಯುಗಾದಿಯ ನಿಂಬೆಹಣ್ಣು ಸುಕ್ಕುಗಟ್ಟಿ ಉಪ್ಪಿನಕಾಯಿಯ ಭರಣಿ ಸೇರಿತು. ನಾಗರಪಂಚಮಿಯ ಹೊತ್ತಿಗೆ ಎಂದರು. ಆ ಹಣ್ಣು ಚಿತ್ರಾನ್ನಕ್ಕೆ ಬಲಿಯಾಯಿತು. ಪ್ರತಿ ಸಲವೂ ಅತ್ತೆಯವರು ಸಂತೆಯಲ್ಲಿ ಹಣ್ಣಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಲೆಯಿಲ್ಲದ್ದೊಂದನ್ನು ಆರಿಸಿ ತಂದು ಅದೇ ಗುಂಡಿಯಲ್ಲಿ ಪ್ರತಿಷ್ಠಾಪಿಸುತ್ತಾರೆ. ಪಕ್ಕದ ಮನೆಯ ಶಾಂತಮ್ಮ ಹಾಲಿನ ಪಾಕೀಟು ಹಿಡಿದು ಹೋಗುವಾಗ ಕಿಟಕಿಯಲ್ಲಿ ಇಣುಕುವುದೂ ನಿತ್ಯವಿಧಿಯಾಗಿದೆ.

“ಅಕ್ಕೋರ, ನಿಮ್ಮ ರೈಲು ಎಲ್ಲಿ ತನಕ ಬಂತ್ರಿ?”

“ಇನ್ನಾ ಹೊಂಟೇ ಇಲ್ರಿ ಶಾಂತಮ್ಮ.”

“ಹಂಗಾದ್ರ ಖರೇ ರೈಲೇ ಬಿಡ್ರಿ ಅದು!”

ರೈಲಿನ ಈ ಹುಚ್ಚು ನನಗೆ ಹತ್ತಿದ್ದು ಯಾದಗಿರಿಯಲ್ಲಿ, ನನ್ನ ತವರಿನಲ್ಲಿ. ನಾನು ಓದಿದ ಕಾನ್ವೆಂಟಿನ ತರಗತಿಯಲ್ಲಿ ಕುಳಿತರೆ ರೈಲು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಗಣಿತದ ಸಿಸ್ಟರ್ ಭಾಗಾಕಾರದ ನಡುವೆ ಒಂದು ಗಳಿಗೆ ಸೀಮೆಸುಣ್ಣ ತಡೆದು, ಗೂಡ್ಸ್ ಗಾಡಿ ಪೂರ್ತಿ ದಾಟಿದ ಮೇಲೆ ಶೇಷವನ್ನು ಬರೆಯುತ್ತಿದ್ದರು. ನೆಟ್ಟಗೆ ಕುಳಿತುಕೊಳ್ಳುವುದು, ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುವುದು ಮತ್ತು ಜಂಬ ಪಡದಿರುವುದು, ಇವು ಆ ಸಿಸ್ಟರುಗಳು ನನಗೆ ಕಲಿಸಿದ ವಿದ್ಯೆಗಳು. ಮೊದಲೆರಡು ಇಂದಿಗೂ ಕೈಹಿಡಿದಿವೆ. ಮೂರನೆಯದರ ವಿಷಯದಲ್ಲಿ ಮಧ್ಯಮಮಾರ್ಗ ಅನುಸರಿಸಿದ್ದೇನೆ: ನನ್ನ ರೈಲಿನ ಬಗ್ಗೆ ನಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದನ್ನಿಟ್ಟ ಕೋಣೆಯ ಬಾಗಿಲನ್ನೂ ಮುಚ್ಚುವುದಿಲ್ಲ.

ರೈಲಿದ್ದ ಊರಿನಿಂದ ರೈಲಿಲ್ಲದ ಊರಿಗೆ ಸೊಸೆಯಾಗಿ ಬಂದವಳು ನಾನು. ಮಗಳು ಚಿಕ್ಕವಳಿದ್ದಾಗ ಒಂದು ಆಟದ ರೈಲು ಕೊಡಿಸಿದೆವು. ಅವಳು ವಾರದೊಳಗೆ ಅದನ್ನು ಬಿಟ್ಟಳು, ನಾನು ಬಿಡಲಿಲ್ಲ. ಅದು ಕೆಟ್ಟ ಮೇಲೆ ಆಟಿಕೆಯಲ್ಲದ, ಹಳಿಯಿಂದಲೇ ವಿದ್ಯುತ್ತು ಹೀರಿ ನಡೆಯುವ ನಿಜವಾದ ಮಾದರಿ ಇಂಜಿನ್ನೊಂದನ್ನು ತರಿಸಿದೆ. ಹಾರ್ಡ್‌ವೇರ್ ಅಂಗಡಿ ನಡೆಸುವ ನಮ್ಮ ಮನೆಯವರು ಪ್ಲೈವುಡ್ಡು, ವೈರು, ಅಂಟು ಎಲ್ಲವನ್ನೂ ಅಂಗಡಿಯಿಂದಲೇ ಒದಗಿಸಿ, ಗಿರಾಕಿಗಳ ಎದುರು ಮಾತ್ರ ಈ ವಿಷಯ ಎತ್ತಬಾರದೆಂದು ಕೇಳಿಕೊಂಡರು. ಮಾವನವರ ಕಾಲದ ಸಾಗುವಾನಿ ಮಂಚದ ಮೇಲೆ ಆ ಪ್ಲೈವುಡ್ಡು ಹಾಸಿ, ತಲೆದಿಂಬಿನ ಕಡೆ ಯಾದಗಿರಿ, ಕಾಲ ಕಡೆ ಶಹಾಪುರ ಎಂದು ಗುರುತು ಹಾಕಿದೆವು.

ನಾವು ಎಡವಿದ್ದು ಅಲ್ಲಿಯೇ ನೋಡಿ. ಮಾದರಿ ರೈಲು ಕಟ್ಟುವವರು ಜಗತ್ತಿನಲ್ಲೆಲ್ಲ ಮೊದಲು ಹಳಿ ಹಾಕುತ್ತಾರಂತೆ, ಆಮೇಲೆ ಹಳಿಯ ಅಕ್ಕಪಕ್ಕ ಊರು ಬೆಳೆಸುತ್ತಾರಂತೆ. ರೈಲನ್ನೇ ಕಾಣದ ಊರಿನವರಾದ ನಮಗೆ ಇದು ಹೊಳೆಯಲೇ ಇಲ್ಲ. ನಾವು ಮೊದಲು ಊರು ಕಟ್ಟಿದೆವು. ಹಳೆಯ ಪತ್ರಿಕೆಗಳನ್ನು ಗಂಜಿಯಲ್ಲಿ ನೆನೆಸಿ, ಚಹಾದ ಡಿಕಾಕ್ಷನ್ನಿನಲ್ಲಿ ಬಣ್ಣ ಕಟ್ಟಿ, ದೂರದಿಂದ ಮಲಗಿದ ಬುದ್ಧನಂತೆ ಕಾಣುವ ನಮ್ಮ ಬೆಟ್ಟವನ್ನು ಮಾಡಿದೆ. ಹಣೆ, ಮೂಗು, ಎದೆ, ಪಾದ ಎಲ್ಲವೂ ಅತ್ತೆಯವರ ಮೇಲುಸ್ತುವಾರಿಯಲ್ಲಿ. “ಮೂಗು ಇಷ್ಟ್ಯಾಕ ಚೂಪ ಮಾಡಿ? ಅಂವ ನಿಮ್ಮ ತವರಮನಿಯಾಂವ ಅಲ್ಲ” ಎಂದರು, ಮೂಗು ತೀಡಿದೆ. ದೀಪದ ಬತ್ತಿಯ ಅರಳೆಯಿಂದ ಹತ್ತಿಹೊಲ ಬಿಳುಪಾಯಿತು, ಐಸ್‌ಕ್ರೀಮಿನ ಕಡ್ಡಿಗಳಿಂದ ಭೀಮೆಗೆ ಸೇತುವೆ ಆಯಿತು, ಬೆಂಕಿಪೊಟ್ಟಣದ ಆಟೋವೊಂದು ಪಕ್ಕದ ಹಳ್ಳಿ ಗೋಗಿಗೆ ಹೋಗುವ ಸೀಟುಗಳಿಗಾಗಿ ಕಾಯುತ್ತ ನಿಂತಿತು. ಬೆಟ್ಟದ ಪಾದದೆದುರು ನಮ್ಮ ಮನೆ, ಮನೆಯ ಮುಂದೆ ಕಲ್ಲಿನ ಕಟ್ಟೆ. ಎಲ್ಲ ಮುಗಿದು, ಕೈತೊಳೆದು, ಇನ್ನು ರೈಲು ಬಿಡೋಣವೆಂದು ಹಳಿ ಹಿಡಿದು ನಿಂತಾಗ, ಅದಕ್ಕೆ ದಾರಿಯೇ ಉಳಿದಿರಲಿಲ್ಲ.

ಉಳಿದದ್ದು ಬುದ್ಧನ ಪಾದಕ್ಕೂ ನಮ್ಮ ಕಟ್ಟೆಗೂ ನಡುವಿನ ಒಂದು ಸಂದು. ರೊಟ್ಟಿಯ ಹಂಚನ್ನು ಬೋರಲಿಟ್ಟು, ಅದರ ಅಂಚಿನಗುಂಟ ಗೆರೆ ಎಳೆದರೆ ಮಾತ್ರ ಹಳಿ ಆ ಸಂದಿನಲ್ಲಿ ಬಳಸಿ ಊರೊಳಗೆ ಬರುತ್ತಿತ್ತು. ಹಾಗೆಯೇ ಹಾಕಿದೆ. ಆದರೆ ನನ್ನ ಬಳಿಯಿದ್ದ ಇಂಜಿನ್ನು ಉದ್ದದ್ದು. ಹಂಚಿನ ತಿರುವಿಗೆ ಬಂದೊಡನೆ ಅದರ ಮೂತಿ ಕಟ್ಟೆಗೆ ಬಡಿಯುತ್ತಿತ್ತು, ಇಲ್ಲವೆ ಬಾಲ ಬುದ್ಧನ ಪಾದಕ್ಕೆ ಒದೆಯುತ್ತಿತ್ತು, ಮತ್ತು ಎರಡೂ ಸಂದರ್ಭಗಳಲ್ಲಿ ಅದು ಶಹಾಪುರದ ಹೊರವಲಯದಲ್ಲಿ ಅಂಗಾತ ಬೀಳುತ್ತಿತ್ತು.

ನಮ್ಮ ಮನೆಯವರ ಪರಿಹಾರ ವ್ಯಾಪಾರಸ್ಥರದು, ಸರಳ. “ಗುಡ್ಡದ ಕಾಲು ನಾಕು ಬೊಟ್ಟು ಕಡದ್ರ ಮುಗೀತಲ್ಲ?”

“ಮಲಗಿದಾಂವನ ಕಾಲು ಕಡೀತಾರೇನೋ?” ಎಂದರು ಅತ್ತೆ.

“ಹಂಗಾದ್ರ ಕಟ್ಟಿ ತಗಿ.”

ಅತ್ತೆಯವರು ಬಾಗಿ ಆ ಪುಟ್ಟ ಕಟ್ಟೆಯನ್ನು ಬೆರಳಿನಿಂದ ಸವರಿದರು. ನಮ್ಮ ನಿಜವಾದ ಮನೆಯ ಮುಂದೆ ಈಗ ಕಟ್ಟೆ ಇಲ್ಲ. ರಸ್ತೆ ಅಗಲವಾಗುವಾಗ ಅದು ಹೋಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಜೋಳ ಹಸನು ಮಾಡುತ್ತಿದ್ದದ್ದು, ಮಾವನವರು ತೀರಿಕೊಂಡ ಮೇಲೆ ಸಂಜೆಗಳನ್ನು ಕಳೆದದ್ದು ಅದರ ಮೇಲೆ. ಕಟ್ಟೆ ಕೆಡವುವ ಯಂತ್ರ ಬಂದ ದಿನವೂ ಅವರು ಅಳಲಿಲ್ಲ. ಒಂದು ಚಪ್ಪಡಿಯನ್ನು ಹಿತ್ತಲಿಗೆ ಹೊರಿಸಿ, ತುಳಸಿಗಿಡದ ಪಕ್ಕ ಹಾಕಿಸಿಕೊಂಡರು.

“ಖರೇ ಕಟ್ಟಿ ರಸ್ತೇಕ ಕೊಟ್ಟೆ” ಎಂದರು ಕೊನೆಗೆ. “ಇದನ್ನ ರೈಲಿಗಿ ಕೊಡಂಗಿಲ್ಲ. ರೈಲಿಗಿ ಹೇಳು, ಸಣ್ಣದಾಗಿ ಬಾ ಅಂತ.”

ಆ ಅಪ್ಪಣೆಯನ್ನು ಹೊತ್ತು ನಾನು ಸಣ್ಣ ಇಂಜಿನ್ನನ್ನು ಹುಡುಕತೊಡಗಿದಾಗ ಕಣ್ಣಿಗೆ ಬಿದ್ದದ್ದೇ ಆ ಪ್ರಕಟಣೆ. ನಾಲ್ಕು ಚಕ್ರ, ಗಿಡ್ಡ ಮೈ, ಗುಬ್ಬಿಯಂಥ ನಿಲುವು. ಅದು ಹಂಚಿನ ತಿರುವು ದಾಟಿದರೆ ಬೆಟ್ಟವೂ ಉಳಿಯಿತು, ಕಟ್ಟೆಯೂ ಉಳಿಯಿತು. ದಾಟದಿದ್ದರೆ ಅತ್ತೆಯವರಿಗೆ ಎರಡನೆಯ ಸಲ ಕಟ್ಟೆ ತಪ್ಪುತ್ತಿತ್ತು, ಈ ಸಲ ನನ್ನ ಕೈಯಿಂದ. ಬೊಂಬೆಯ ಊರೇ ಇರಬಹುದು. ಆದರೂ ಅದನ್ನು ನೆನೆದಾಗಲೆಲ್ಲ ಕಲಸುತ್ತಿದ್ದ ಹಿಟ್ಟಿಗೆ ನೀರು ಹೆಚ್ಚಾಗುತ್ತಿತ್ತು.

ದಸರೆಗೆ ಸುರಪುರದಿಂದ ನಾದಿನಿ ಗಿರಿಜಾ ಬಂದಳು. ಬನ್ನಿ ಕೊಟ್ಟು, ಕಾಲಿಗೆ ನಮಸ್ಕರಿಸಿ, ನೆಟ್ಟಗೆ ಮಂಚದ ಕೋಣೆಗೆ ನಡೆದಳು. ಶಹಾಪುರಕ್ಕೆ ರೈಲು ಬರುವುದನ್ನು ದಸರೆಗೆ ನೋಡಬಹುದೆಂದು ಅತ್ತೆಯವರು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದರು. ಜಂಬ ಬೇಡವೆಂದು ಹೇಳಿಕೊಡುವ ಸಿಸ್ಟರುಗಳು ಅವರಿಗೆ ಸಿಕ್ಕಿರಲಿಲ್ಲ. ಆದರೆ ಹಿಂದಿನ ದಿನವಷ್ಟೇ ಕಂಪನಿಯವರು ಬಿಡುಗಡೆಯನ್ನು ಮತ್ತೆ ಮುಂದಕ್ಕೆ ಹಾಕಿ, ಸಮಾಧಾನಕ್ಕೆಂಬಂತೆ ಇಂಜಿನ್ನಿನ ಅಳತೆಗಳ ನಕ್ಷೆಯೊಂದನ್ನು ಹೊರಬಿಟ್ಟಿದ್ದರು.

“ಎಲ್ಲದ ವೈನಿ ರೈಲು?” ಎಂದಳು ಗಿರಿಜಾ. “ಹೆಂಗೂ ಕಾಗದದ ಗುಡ್ಡ, ಕಡ್ಡೀ ಸೇತುವಿ. ನಮ್ಮ ಸುರಪುರಕ್ಕೂ ಒಂದು ಗೆರಿ ಎಳದ್ರ ಆಗ್ತಿತ್ತಲ್ಲ?”

“ಮೊದಲು ಇಲ್ಲಿಗರ ಬರ್ಲಿ” ಎಂದೆ. ಮುಖ ಬಿಸಿಯಾಗಿತ್ತು.

ಆಗ ನನಗೆ ಆ ನಕ್ಷೆ ನೆನಪಾಯಿತು. ಇಂಜಿನ್ನು ಬಾರದಿದ್ದರೇನು, ಅದರ ಅಳತೆ ಬಂದಿದೆಯಲ್ಲ! ಕೆಟ್ಟ ಬೋಗಿಯೊಂದರ ಚಕ್ರಗಳನ್ನು ಬಿಚ್ಚಿ, ನಕ್ಷೆಯಲ್ಲಿದ್ದಷ್ಟೇ ಅಂತರದಲ್ಲಿ ರಟ್ಟಿಗೆ ಕೂರಿಸಿ, ಅಷ್ಟೇ ಉದ್ದಗಲದ ಡಬ್ಬಿ ಕಟ್ಟಿ, ಒಳಗೆ ಭಾರಕ್ಕೆಂದು ಅಂಗಡಿಯ ನಟ್ಟೊಂದನ್ನು ಅಂಟಿಸಿದೆ. ಮೋಟಾರಿಲ್ಲ, ಬಣ್ಣವಿಲ್ಲ, ಬರಲಿರುವ ಮಹಾಶಯನ ಮೈಯಳತೆ ಮಾತ್ರ. ಅತ್ತೆಯವರು ಅದನ್ನು ಅಂಗೈ ಮೇಲಿಟ್ಟು ಹಿಂದೆಮುಂದೆ ನೋಡಿ, ವಿಭೂತಿಯ ಮೂರು ಗೆರೆಗಳನ್ನು ಎಳೆದರು. ಫ್ರಿಜ್ಜಿನಿಂದ ಹಣ್ಣು ತಂದು ಚಕ್ರದ ಮುಂದೆ ಹಿಡಿದರು. ನನ್ನ ತಾಂತ್ರಿಕ ಆಕ್ಷೇಪಣೆ ಆಗ ತಾನಾಗಿಯೇ ಅವರ ಅರಿವಿಗೆ ಬಂದಿರಬೇಕು. ಹಣ್ಣನ್ನು ಚಕ್ರಕ್ಕೆ ತಾಕಿಸಿ, “ಇದು ಮೋಟರಿಂದು ಬಂದಾಗ” ಎಂದು ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಯಾದಗಿರಿಯ ಹಳಿಯ ಮೇಲೆ ಅದನ್ನಿಟ್ಟು, ತೋರುಬೆರಳಿನಿಂದ ಮೆಲ್ಲಗೆ ನೂಕತೊಡಗಿದರು.

ಭೀಮೆ ದಾಟಿತು. ಹತ್ತಿಹೊಲ ದಾಟಿತು. ಹಂಚಿನ ತಿರುವು ಬಂತು.

“ಬೀಳ್ತದ ನೋಡು ಈಗ” ಎಂದ ಗಿರಿಜಾ ತಾನೇ ನನ್ನ ತೋಳು ಹಿಡಿದುಕೊಂಡಿದ್ದಳು.

ಅತ್ತೆಯವರ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ನೂಕಿದರು. ಡಬ್ಬಿಯ ಒಂದು ಮಗ್ಗುಲು ಬುದ್ಧನ ಹಿಮ್ಮಡಿಯನ್ನು ಸವರುವಂತೆ ಸಾಗಿತು, ಇನ್ನೊಂದು ಮಗ್ಗುಲಿಗೂ ಕಟ್ಟೆಗೂ ನಡುವೆ ಒಂದು ಗರಿಕೆಯೆಸಳು ತೂರುವಷ್ಟು ಬೆಳಕು ಕಂಡಿತು, ಯಾವುದೂ ಯಾವುದಕ್ಕೂ ತಾಕಲಿಲ್ಲ. ಹಾಗೆಯೇ ಬಳಸಿಕೊಂಡು ಬಂದು, ನಾನು ಬೀಡಿಕಟ್ಟಿನ ಕಾಗದದಿಂದ ಹೊದಿಸಿದ್ದ ನಿಲ್ದಾಣದ ಮುಂದೆ ಅದು ನಿಂತಿತು.

ಅತ್ತೆಯವರು ಬೆರಳೆತ್ತಿ, ಸೊಂಟ ನೆಟ್ಟಗೆ ಮಾಡಿಕೊಂಡು, ಬಸ್ಸಿನ ಕಂಡಕ್ಟರನ ದನಿಯಲ್ಲಿ ಕೂಗಿದರು: “ಶಹಾಪುರ ಬಂತ್ರಿ, ಇಳೀರಿ!”

ಗಿರಿಜಾ ನಗುನಗುತ್ತ ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಮನೆಯವರು ಅಂಗಡಿಗೆ ಹೊರಟವರು ಹೋಗದೆ, “ಇನ್ನೊಮ್ಮೆ ಬಿಡವ್ವ” ಎಂದರು. ಆ ದಿನ ಸಂಜೆ ಬನ್ನಿ ಕೊಡಲು ಬಂದ ಗಿರಾಕಿಗಳೆಲ್ಲರನ್ನೂ ಅವರೇ ಒಳಗೆ ಕರೆದು ತೋರಿಸಿದರೆಂದರೆ, ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ.

ಮೊದಲು ಹಳಿ ಹಾಕಿ ಆಮೇಲೆ ಊರು ಕಟ್ಟುವವರ ಜಾಣತನದ ಬಗ್ಗೆ ನನಗೆ ಗೌರವವಿದೆ. ಅವರ ರೈಲು ಸರಾಗವಾಗಿ ಓಡುತ್ತದೆ. ಆದರೆ ಅವರ ಊರುಗಳು ರೈಲಿಗಾಗಿ ಜಾಗ ಬಿಟ್ಟು ನಿಂತ ಊರುಗಳು. ನಮ್ಮದು ತನ್ನ ಬೆಟ್ಟ, ಕಟ್ಟೆ, ಹತ್ತಿಹೊಲಗಳೊಡನೆ ತನ್ನ ಪಾಡಿಗೆ ತಾನು ತುಂಬಿಕೊಂಡ ಊರು. ಬರುವ ರೈಲು ಮೈ ಕುಗ್ಗಿಸಿಕೊಂಡು, ಹಿರಿಯರ ಕಾಲು ತುಳಿಯದೆ, ಪಕ್ಕದಲ್ಲಿ ಹಾದು ಬರಬೇಕು. ಹಾಗೆ ಬರುವಂಥದ್ದೊಂದು ಎಲ್ಲೋ ದೂರದಲ್ಲಿ ತಯಾರಾಗುತ್ತಿದೆ ಎಂದು ನೆನೆದರೆ, ಸಿಸ್ಟರುಗಳು ಕ್ಷಮಿಸಬೇಕು, ನನಗೆ ಧಾರಾಳವಾಗಿ ಜಂಬವೇ ಆಗುತ್ತದೆ.

ಇಂಜಿನ್ನು ಇನ್ನೂ ಬಿಡುಗಡೆಯಾಗಿಲ್ಲ. ಆದರೆ ಅತ್ತೆಯವರು ಈಗ ಸಂತೆಯಲ್ಲಿ ದಪ್ಪ ಹಣ್ಣು ಆರಿಸುವುದಿಲ್ಲ. ರಾಶಿಯ ತಳದಲ್ಲಿ ಕೈಯಾಡಿಸಿ, ಗೋಲಿಯಷ್ಟು ಸಣ್ಣದೊಂದನ್ನು ಹೆಕ್ಕಿ ತರುತ್ತಾರೆ. ಮೊಟ್ಟೆಯ ಗುಂಡಿಗೆ ಅದು ಏನೇನೂ ಸಾಲದು. ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಅತ್ತಿತ್ತ ಉರುಳುತ್ತದೆ. ನಿನ್ನೆ ಶರಬತ್ತಿಗೆಂದು ಬಾಗಿಲು ತೆರೆದ ನಮ್ಮ ಮನೆಯವರ ಕೈ ಅತ್ತ ಹೋಯಿತು. ಅತ್ತೆಯವರು ಹಿತ್ತಲಲ್ಲಿ ತಮ್ಮ ಚಪ್ಪಡಿಯ ಮೇಲೆ ಕುಳಿತಿದ್ದರು. ಹೊಸ್ತಿಲಿನಿಂದ ಬಂದ ದನಿ ನನ್ನದು:

“ಅದನ್ನ ಬಿಡ್ರಿ. ಅದು ರೈಲಿಂದು.”