ಕೈ ಹೋಗದ ಜಾಗದ ಬೋಲ್ಟು

ಕಾಕಾ ಅವರ ಎರಡೂ ಮುಂಗೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಬಿಳಿ ಗೀರುಗಳಿದ್ದವು. ಮೂವತ್ತು ವರ್ಷ ವಿಮಾನದ ಎಂಜಿನ್ನಿನ ಸಂದಿಗಳಲ್ಲಿ ಕೈ ತೂರಿಸಿ ನಟ್ಟು ಬಿಗಿದ ಗುರುತು ಅವು. ಸೆಖೆಗಾಲದಲ್ಲಿ ಬನಿಯನ್ ತೊಟ್ಟು ಕೂತಾಗ ಒಂದೊಂದು ಗೀರಿಗೂ ಒಂದೊಂದು ವಿಮಾನದ ಕತೆ ಹೇಳುತ್ತಿದ್ದರು.

ಧಾರವಾಡ ಕಡೆಯವರು. ಬಂಗಾಳದ ಡಮ್ ಡಮ್ ವಿಮಾನ ನಿಲ್ದಾಣದಲ್ಲಿ, ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ, ತಪಾಸಣೆ ಮುಗಿಸಿ ವಿಮಾನ ಹಾರಲು ಸಹಿ ಹಾಕುವ ಎಂಜಿನಿಯರಾಗಿದ್ದು, ನಿವೃತ್ತರಾದ ಮೇಲೆ ಅಲ್ಲೇ ಪುಟ್ಟ ಮನೆಯಲ್ಲಿ ಉಳಿದಿದ್ದರು. ಮೈಸೂರಿನಿಂದ ಕೆಲಸಕ್ಕೆ ಬಂದ ನಾನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾನು ‘ಕಾಕಾ’ ಎನ್ನುತ್ತಿದ್ದೆ. ಅಕ್ಕಪಕ್ಕದ ಬಂಗಾಳಿಗಳು ‘ಕಾಕು’ ಎನ್ನುತ್ತಿದ್ದರು. ಅವರಲ್ಲಿ ಅದು ಚಿಕ್ಕಪ್ಪ, ಧಾರವಾಡದಲ್ಲಿ ಚಿಕ್ಕಮ್ಮ. “ನನ್ನ ಹೆಸರು ಇವ್ರು ಇಟ್ಕೊಂಡು ಕೂತಾರ” ಎಂದು ಅವರ ಹೆಂಡತಿ ನಗುತ್ತಿದ್ದರು.

ಯುರೋಪಿನವರು ಎರಡಂತಸ್ತಿನ ದೈತ್ಯ ವಿಮಾನ ಕಟ್ಟಿ, ಅಮೆರಿಕದವರು ಅದಕ್ಕೆ ಪೈಪೋಟಿಗೆ ಇಳಿದಿದ್ದ ಕಾಲ ಅದು. ಅದೇ ಊರಿನ ಸಾಲ್ಟ್ ಲೇಕ್ ಬಡಾವಣೆಯ ನಮ್ಮ ಆಫೀಸಿನಲ್ಲಿ ವಿದೇಶಿ ವಿಮಾನಗಳ ಬಿಡಿಭಾಗಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೆವು. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಫುಟ್‌ಬಾಲ್ ಕ್ಲಬ್ಬುಗಳಿಗಾಗಿ ಕಿತ್ತಾಡುವ ಹಾಗೆ ಯಾವ ದೇಶದ ವಿಮಾನ ಮೇಲು ಎಂದು ಕಿತ್ತಾಡುತ್ತಿದ್ದರು. ಇದನ್ನು ಹೇಳಿದಾಗ ಕಾಕಾ ಕೇಳಿದರು, “ಇದರಾಗ ನಮ್ಮದು ಯಾವುದು?”

“ನಮ್ಮದೆಲ್ಲಿದೆ ಕಾಕಾ? ಅವರು ಹೇಳಿದ್ದನ್ನ ಬರೀತೀವಿ ಅಷ್ಟೆ.”

ಅವರಿಗೆ ಸಿಟ್ಟು ಬಂತು. “ಹಂಗ ಅನಬ್ಯಾಡ. ಅವ್ರ ವಿಮಾನಾನೂ ಮನಷ್ಯಾರ ಕೈಲೇನ ಆಗೋದು. ನಿನಗೂ ಎರಡು ಕೈ ಅದಾವ.”

ಒಮ್ಮೆ ಸರಕಿನ ಬಾಗಿಲ ಹಿಂದಿನ ಒಂದು ಬ್ರಾಕೆಟ್ಟಿನ ನಕ್ಷೆ ನನ್ನ ಪಾಲಿಗೆ ಬಂತು. ಅದರಲ್ಲೇನೋ ಸರಿಯಿಲ್ಲ ಅನ್ನಿಸಿತು. ಮನೆಗೆ ಬಂದು ಕಾಕಾಗೆ ಬಾಯಲ್ಲೇ ವಿವರಿಸಿದೆ. ಅವರು ಗಾಳಿಯಲ್ಲಿ ಕೈಯಾಡಿಸುತ್ತ ಕೇಳಿಸಿಕೊಂಡು, “ಹಿಂದಿನ ಬೋಲ್ಟ್ ಬಿಗಿಯೋದು ಹೆಂಗ?” ಎಂದರು.

“ಜೋಡಿಸೋರು ಮೊದಲೇ ಬಿಗೀತಾರೆ.”

“ಐದು ವರ್ಷದ ಮ್ಯಾಲ ಸಡಿಲಾದ್ರ? ಕೈ ಹೋಗದಲ್ಲಿ ಬೋಲ್ಟ್ ಇಡಬ್ಯಾಡ, ತಂಗಿ.”

ಮರುದಿನ ಮ್ಯಾನೇಜರಿಗೆ ಹೇಳಿದೆ. “ವಿನ್ಯಾಸ ಅವರದು. ನಿನ್ನ ಕೆಲಸ ನಕ್ಷೆ ಬರೆದು ಸಹಿ ಹಾಕೋದು” ಎಂದರು. ಹಾಕಿಬಿಡೋಣ ಅಂತಲೇ ಇದ್ದೆ. ಆ ಸಂಜೆ ಕಾಕಾ ತಮ್ಮ ಕತೆ ಹೇಳಿದರು. ಒಬ್ಬ ದೊಡ್ಡ ಮನುಷ್ಯ ವಿಮಾನದೊಳಗೆ ಕೂತಾಗಿತ್ತು. ಎಂಜಿನ್ನಿನಿಂದ ಎಣ್ಣೆ ಜಿನುಗುವುದು ಇವರ ಕಣ್ಣಿಗೆ ಬಿತ್ತು. ಸಹಿ ಹಾಕು ಎಂದು ಮೇಲಿನವರು ಗದರಿದರೆ, ಇವರು ಪೆನ್ನನ್ನು ಜೇಬಿಗಿಟ್ಟು ರೆಕ್ಕೆಯ ನೆರಳಲ್ಲಿ ಕೂತುಬಿಟ್ಟರು. ದೊಡ್ಡ ಮನುಷ್ಯ ಇಳಿದು ಹೋಗಬೇಕಾಯಿತು. ಇವರನ್ನು ಎರಡು ವರ್ಷ ಸಾಮಾನಿನ ಸ್ಟೋರಿಗೆ ಹಾಕಿದರು.

“ಬೇಜಾರಾಗಲಿಲ್ವಾ?” ಎಂದೆ.

“ಸ್ಟೋರಿನ್ಯಾಗ ಫ್ಯಾನು ಛಲೋ ಇತ್ತು” ಎಂದರು.

ನಾನು ಸಹಿ ಹಾಕಲಿಲ್ಲ. ಕಾಕಾ ಎರಡು ದಿನ ವರಾಂಡದಲ್ಲಿ ಕೂತು ಪ್ಲೈವುಡ್ಡು, ತಗಡು ಕೊಯ್ದು, ನಾನು ಹೇಳಿದ ಅಳತೆಗೆ ಬ್ರಾಕೆಟ್ಟಿನ ಆ ಮೂಲೆಯನ್ನು ನಕ್ಷೆಯಲ್ಲಿದ್ದ ಹಾಗೇ ಕಟ್ಟಿದರು. ಆ ವಾರ ವಿದೇಶಿ ಕಂಪನಿಯ ಹಿರಿಯ ಎಂಜಿನಿಯರೊಬ್ಬರು ಆಫೀಸಿಗೆ ಬಂದಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. ಮೀಟಿಂಗಿನ ಮೇಜಿನ ಮೇಲಿಟ್ಟಾಗ ಮ್ಯಾನೇಜರ ಮುಖ ಕಪ್ಪಿಟ್ಟಿತು. ಆದರೂ, “ಈ ಬೋಲ್ಟನ್ನ ಬಿಗಿದು ತೋರಿಸಿ, ಈಗಲೇ ಸಹಿ ಹಾಕ್ತೀನಿ” ಎಂದು ಸ್ಪ್ಯಾನರ್ ಮುಂದೆ ಹಿಡಿದೆ.

ವಿದೇಶಿ ಎಂಜಿನಿಯರು ನಕ್ಕು ಕೋಟು ಬಿಚ್ಚಿದರು. ಬಲಗೈ ಹೋಗಲಿಲ್ಲ. ಎಡಗೈ ಹೋಯಿತು, ಸ್ಪ್ಯಾನರ್ ತಿರುಗಲಿಲ್ಲ. ಗೆಣ್ಣು ತರಚಿಕೊಂಡು ಕೈ ಹೊರಗೆಳೆದು, ಆ ಮಾದರಿಯನ್ನು ತಿರುಗಿಸಿ ನೋಡುತ್ತ ಕೇಳಿದರು, “ಇದನ್ನು ಮಾಡಿದ್ದು ಯಾರು?”

“ನಮ್ಮ ಮನೆಯ ಕಾಕಾ.”

ತಿಂಗಳ ನಂತರ ತಿದ್ದಿದ ವಿನ್ಯಾಸ ಬಂತು. ಬೋಲ್ಟು ನಾಲ್ಕು ಬೆರಳು ಈಚೆ ಸರಿದಿತ್ತು. ಮೆಚ್ಚುಗೆಯ ಪತ್ರ ಬಂದದ್ದು ಮ್ಯಾನೇಜರ ಹೆಸರಿಗೆ. ನನ್ನನ್ನು ಯಾವುದೋ ಬ್ಯಾಂಕಿನ ತಂತ್ರಾಂಶದ ಕೆಲಸಕ್ಕೆ ದಬ್ಬಿದರು. ಅತ್ತುಕೊಂಡು ಮನೆಗೆ ಬಂದರೆ ಕಾಕಾ ಕೇಳಿದ್ದು ಒಂದೇ: “ಹೆಸರು ಯಾರದರ ಇರವಲ್ದ್ಯಾಕ. ಬೋಲ್ಟ್ ಸರೀತೋ ಇಲ್ಲೋ?”

ಅಳು ನಿಂತಿತು. ಮರುದಿನದಿಂದಲೇ ಬೇರೆ ಕೆಲಸ ಹುಡುಕತೊಡಗಿದೆ. ನಮ್ಮ ದೇಶದಲ್ಲೇ ಸಣ್ಣ ಪ್ರಯಾಣಿಕ ವಿಮಾನವೊಂದನ್ನು ಕಟ್ಟಲು ಹೊರಟಿದ್ದ ತಂಡ ನನ್ನನ್ನು ತೆಗೆದುಕೊಂಡಿತು. ಜಗತ್ತು ದೈತ್ಯ ವಿಮಾನ ಹಾರಿಸುವಾಗ ನೀನು ಆಟಿಕೆ ಮಾಡಲು ಹೋಗ್ತೀಯಾ ಎಂದು ಆಫೀಸಿನಲ್ಲಿ ನಕ್ಕರು. ಅಷ್ಟರಲ್ಲಿ ಕಾಕಾ ಶ್ವಾಸಕೋಶದ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ್ದರು. ಹೋಗಿ ಸುದ್ದಿ ಹೇಳಿದೆ. ಮೂಗಿನ ನಳಿಕೆ ಸರಿಮಾಡಿಕೊಂಡು ಕೇಳಿದರು, “ಎಷ್ಟು ಸೀಟು?”

“ಹದಿನೆಂಟು, ಕಾಕಾ.” ಹೇಳುವಾಗ ನನ್ನ ದನಿ ಸಣ್ಣದಾಗಿತ್ತು.

“ಸಣ್ಣ ದನೀಲೆ ಯಾಕ ಹೇಳ್ತಿ? ಹದಿನೆಂಟು ಮಂದಿ ಅಂದ್ರ ಹದಿನೆಂಟು ಮನಿ. ಅಷ್ಟೂ ಮಂದೀನ ಸುಖವಾಗಿ ಇಳಸ್ರಿ. ದೊಡ್ಡದು ಆಮ್ಯಾಲ ಮಾಡೀರಂತ.”

ಆ ವಾರವೇ ಹೋಗಿಬಿಟ್ಟರು.

ನಮ್ಮ ವಿಮಾನ ಇನ್ನೂ ಪ್ರಯಾಣಿಕರನ್ನು ಹೊತ್ತಿಲ್ಲ. ಒಂದೆರಡು ಸಲ ಕೆಲಸವೇ ನಿಂತು ಮತ್ತೆ ಶುರುವಾಯಿತು. ವಿದೇಶಕ್ಕೆ ಹೋಗಿ ಬಂದ ನೆಂಟರು, ನಿಮ್ಮದು ಎಲ್ಲಿಗೆ ಬಂತು ಎಂದು ನಗುತ್ತ ಕೇಳುತ್ತಾರೆ. “ಕಟ್ಟುತ್ತಿದ್ದೇವೆ” ಎನ್ನುತ್ತೇನೆ, ಇಡೀ ಮನೆಗೆ ಕೇಳುವಷ್ಟು ಗಟ್ಟಿಯಾಗಿ.