ಗುಡ್ಡಕ್ಕೆಂದು ಕೊಂಡ ಜಿಪಿಎಸ್

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆ ಮರಳೂರಿನಲ್ಲಿ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕ ಇರುವುದು ಗುಬ್ಬಿಯಲ್ಲಿ. ತಿಂಗಳಿಗೊಂದು ಭಾನುವಾರ ಇಬ್ಬರೂ ಸೇರಿ ಯಾವುದಾದರೊಂದು ಗುಡ್ಡ ಹತ್ತುವುದು ನಮಗೆ ಹಳೆಯ ಅಭ್ಯಾಸ. ನಾನು ಕಾಡುಗಿಡಗಳ ಫೋಟೊ ತೆಗೆದು, ಯಾವುದು ಎಲ್ಲಿ ಕಂಡಿತೆಂದು ಬರೆದಿಟ್ಟುಕೊಳ್ಳುತ್ತೇನೆ. ಅಕ್ಕ ಸಾರಿಗಾಗುವ ಸೊಪ್ಪು ಹುಡುಕುತ್ತಾಳೆ.

ಹೋದ ಮಳೆಗಾಲದಲ್ಲಿ ಕುಣಿಗಲ್ ಕಡೆಯ ಒಂದು ಗುಡ್ಡಕ್ಕೆ ಹೋಗಿದ್ದೆವು. ಇಳಿಯುವಾಗ ಮೋಡ ಕವಿದು, ಲಂಟಾನ ಪೊದೆಗಳ ನಡುವೆ ಕಾಲುದಾರಿ ಕಾಣದಾಯಿತು. ಮೊಬೈಲಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಮ್ಯಾಪ್ ಇರಬೇಕಾದ ಕಡೆ ಬರೀ ಬೂದು ಬಣ್ಣ. ಫೋಟೊ ತೆಗೆದೂ ತೆಗೆದೂ ಚಾರ್ಜೂ ಮುಗಿಯುತ್ತ ಬಂದಿತ್ತು.

"ದಾರಿ ಗೊತ್ತೇನೇ?" ಎಂದಳು ಅಕ್ಕ.

"ಗೊತ್ತು, ಬಾ."

ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಅವಳು ಹೆದರುತ್ತಾಳೆಂದು ಎರಡು ಗಂಟೆ ಹೊತ್ತು ಅದನ್ನೇ ಹೇಳುತ್ತ ಅವಳನ್ನು ಸುತ್ತಾಡಿಸಿದೆ. ಅಕ್ಕನಿಗೆ ಶುಗರ್ ಇದೆ. ಒಂದು ಬಂಡೆಯ ಹತ್ತಿರ ಅವಳ ಕೈ ನಡುಗತೊಡಗಿತು, ಹಣೆ ಮುಟ್ಟಿದರೆ ತಣ್ಣನೆಯ ಬೆವರು. ಚೀಲದಲ್ಲಿದ್ದ ಬೆಲ್ಲದ ಚೂರನ್ನು ಅವಳ ಬಾಯಿಗಿಟ್ಟೆ. ಕೊನೆಗೆ ಕುರಿ ಮೇಯಿಸುವವರೊಬ್ಬರು ಸಿಕ್ಕಿ ನಮ್ಮನ್ನು ರಸ್ತೆಯವರೆಗೆ ತಂದು ಬಿಟ್ಟರು.

ಆಮೇಲೆ ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗಲೂ ಆ ತಣ್ಣನೆಯ ಹಣೆ ನನ್ನ ಅಂಗೈಗೆ ತಾಗಿದಂತಾಗುತ್ತಿತ್ತು. ಅಕ್ಕ ಮಾತ್ರ ಫೋನ್ ಮಾಡಿದಾಗಲೆಲ್ಲ "ಮತ್ತ್ಯಾವಾಗ ಹೋಗೋದು?" ಎನ್ನುತ್ತಿದ್ದಳು. ಪರೀಕ್ಷೆ, ಪೇಪರ್ ತಿದ್ದುವುದು ಎಂದು ಮೂರು ತಿಂಗಳು ಮುಂದೂಡಿದೆ. ನೆವಗಳೆಲ್ಲ ಮುಗಿದ ಮೇಲೆ ಶಿರಾ ಗೇಟ್ ಹತ್ತಿರ ಸರ್ವೆ ಸಾಮಾನು ಮಾರುವ ಅಂಗಡಿಗೆ ಹೋದೆ.

"ಲೇಔಟ್ ಅಳತೆಗಾ ಮೇಡಂ?" ಎಂದರು ಅಂಗಡಿಯವರು.

"ಅಲ್ಲ, ಗುಡ್ಡ ಹತ್ತೋಕೆ. ಕೈಯಲ್ಲಿ ಹಿಡ್ಕೊಳ್ಳೋ ಜಿಪಿಎಸ್ ಬೇಕಿತ್ತು."

"ಮೊಬೈಲಲ್ಲೇ ಇರುತ್ತಲ್ಲ?"

"ಅದನ್ನ ನಂಬ್ಕೊಂಡೇ ಒಂದ್ಸಲ ದಾರಿ ತಪ್ಪಿದೀವಿ."

ಅವರು ನಗಲಿಲ್ಲ. ಅಂಗೈಯಗಲದ, ದಪ್ಪ ರಬ್ಬರಿನ ಕವಚವಿದ್ದ ಒಂದು ಯಂತ್ರ ತೆಗೆದು ಎರಡು ಸೆಲ್ ಹಾಕಿದರು. "ಆಚೆ ಬನ್ನಿ. ಒಳಗಡೆ ಇದಕ್ಕೆ ಆಕಾಶ ಕಾಣಲ್ಲ" ಎಂದು ಫುಟ್‌ಪಾತಿಗೆ ಕರೆದುಕೊಂಡು ಹೋದರು. ಬಸ್ಸು, ಆಟೊಗಳ ಗದ್ದಲದಲ್ಲಿ ಆ ಪುಟ್ಟ ಪರದೆ ಉಪಗ್ರಹಗಳನ್ನು ಹುಡುಕುತ್ತಲೇ ಇತ್ತು. ಇಲ್ಲೇ ಇಷ್ಟು ಹೊತ್ತಾದರೆ ಮೋಡದ ಕೆಳಗೆ ಹೇಗೆ ಎಂದು ನನಗೆ ಒಳಗೊಳಗೇ ಪುಕುಪುಕು. ನಿಂತ ಜಾಗಕ್ಕೆ ಗುರುತು ಹಾಕುವುದು ಹೇಗೆ, ಆ ಗುರುತಿನ ಕಡೆಗೆ ತಿರುಗುವ ಬಾಣ ನೋಡುವುದು ಹೇಗೆ, ನಡೆದ ದಾರಿ ಗೆರೆಯಾಗಿ ಉಳಿಯುವುದು ಹೇಗೆ ಎಂದೆಲ್ಲ ಅವರು ಹೇಳಿದರು. ಎಲ್ಲದಕ್ಕೂ ತಲೆಯಾಡಿಸಿದೆ. ತಲೆಗೆ ಹೋದದ್ದು ಅರ್ಧ.

ಒಂದು ವಾರ ಸ್ಕೂಲು ಬಿಟ್ಟ ಮೇಲೆ ಗೂಳೂರಿನ ಕಡೆ ಸ್ಕೂಟರ್ ನಿಲ್ಲಿಸಿ, ಅದರ ಜಾಗಕ್ಕೆ ಗುರುತು ಹಾಕಿ, ಹೊಲಗಳ ಬದುವಿನ ಮೇಲೆ ಅಲೆದು ಬಾಣ ಹಿಡಿದು ವಾಪಸ್ ಬಂದೆ. ತೆಂಗಿನ ತೋಟದೊಳಗೆ ಒಮ್ಮೆ ಅದು ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸಿತು. ಅಷ್ಟಕ್ಕೇ ನನ್ನ ಧೈರ್ಯವೆಲ್ಲ ಇಳಿದುಹೋಯಿತು. ಆದರೂ ಅಕ್ಕನಿಗೆ ಫೋನ್ ಮಾಡಿ ಬರುವ ಭಾನುವಾರ ಎಂದೆ.

ಅದೇ ಗುಡ್ಡಕ್ಕೆ ಹೋಗೋಣ ಎಂದದ್ದು ಅಕ್ಕ. ಬುಡದಲ್ಲಿ ಆಟೊ ಇಳಿದು, ಅಲ್ಲಿದ್ದ ಬೋರ್‌ವೆಲ್ ಪಕ್ಕ ನಿಂತು ಗುರುತು ಹಾಕಿದೆ. ಹತ್ತು ಹೆಜ್ಜೆಗೊಮ್ಮೆ ಪರದೆ ನೋಡುತ್ತಿದ್ದೆ.

"ಗಿಡ ನೋಡೋಕ್ ಬಂದ್ಯೋ, ಅದನ್ನ ನೋಡೋಕ್ ಬಂದ್ಯೋ?" ಎಂದಳು ಅಕ್ಕ. ಅವತ್ತು ನಾನು ಒಂದೇ ಒಂದು ಫೋಟೊ ತೆಗೆಯಲಿಲ್ಲ.

ಇಳಿಯುವಾಗ ಬಾಣ ತೋರಿಸಿದ ಕಡೆಗೇ ನಡೆದೆವು. ಬೋರ್‌ವೆಲ್ ಇನ್ನು ಆರುನೂರು ಮೀಟರ್ ಇದೆ ಎನ್ನುವಾಗ ಎದುರಿಗೆ ನೆಲವೇ ಇಲ್ಲ. ಬಂಡೆಯ ಅಂಚು, ಕೆಳಗೆ ಮುಳ್ಳು ತುಂಬಿದ ಕೊರಕಲು. ಬಾಣ ನೆಟ್ಟಗೆ ಕೊರಕಲಿನಾಚೆಗೇ ತೋರಿಸುತ್ತಿತ್ತು; ಅದಕ್ಕೆ ದಿಕ್ಕು ಗೊತ್ತು, ದಾರಿ ಗೊತ್ತಿಲ್ಲ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ.

"ಏನಾಯ್ತು?"

'ಗೊತ್ತು, ಬಾ' ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. "ಅಕ್ಕ, ನಂಗೆ ದಾರಿ ಗೊತ್ತಾಗ್ತಿಲ್ಲ."

ಅಕ್ಕ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತಳು. "ಹಂಗನ್ನು ಮತ್ತೆ. ಅವತ್ತೂ ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು ಕಣೇ."

"ಮತ್ತೆ ಯಾಕೆ ಸುಮ್ನೆ ಬಂದೆ?"

"ನೀನು ಹೆದ್ರಿದ್ದೆ. ಗೊತ್ತಿಲ್ಲ ಅಂತ ನಿನ್ ಬಾಯಲ್ಲಿ ಹೇಳ್ಸಿದ್ರೆ ಇನ್ನೂ ಹೆದರ್ತೀಯ ಅಂತ ನಡೀತಾ ಇದ್ದೆ. ಕಾಲು ಬಿದ್ದೋಗಂಗಾಗಿತ್ತು."

ನನಗೆ ಅಳು ಬಂತು. ಅವಳು ಡಬ್ಬಿ ತೆಗೆದು ಚಪಾತಿ ಮುರಿದು ನನಗೂ ಕೊಟ್ಟಳು. ತಿನ್ನುತ್ತ ಕುಳಿತಾಗ, ಅಂಗಡಿಯವರು ಹೇಳಿದ್ದ ಗೆರೆ ನೆನಪಾಯಿತು. ಒಂದೊಂದೇ ಬಟನ್ ಒತ್ತಿ ನೋಡಿದೆ. ಬೆಳಿಗ್ಗೆ ನಾವು ಹತ್ತಿ ಬಂದ ದಾರಿ ಸಣ್ಣ ಗೆರೆಯಾಗಿ ಕಂಡಿತು. ಅದನ್ನು ಸೇರಲು ಮೊದಲು ವಾಪಸ್ ಮೇಲಕ್ಕೆ ಹತ್ತಬೇಕಿತ್ತು. ಹತ್ತುತ್ತಿದ್ದಂತೆ ದೂರ ಆರುನೂರರಿಂದ ಏಳುನೂರಾಯಿತು, ಎಂಟುನೂರಾಯಿತು. ಮತ್ತೆ ತಪ್ಪು ಮಾಡುತ್ತಿದ್ದೇನೋ ಎಂದು ಹೆಜ್ಜೆಹೆಜ್ಜೆಗೂ ಪರದೆ ನೋಡುತ್ತಿದ್ದೆ.

"ಎಷ್ಟು?" ಎಂದು ಅಕ್ಕ ಕೇಳಿದಾಗಲೆಲ್ಲ ಇದ್ದದ್ದನ್ನೇ ಹೇಳಿದೆ.

"ಸರಿ, ನಡಿ" ಎನ್ನುತ್ತಿದ್ದಳು.

ಗೆರೆ ಸಿಕ್ಕಿದ ಮೇಲೆ ಅಂಕಿ ಇಳಿಯತೊಡಗಿತು. ಮುಕ್ಕಾಲು ಗಂಟೆಯಲ್ಲಿ ಬೋರ್‌ವೆಲ್ ಕಣ್ಣಿಗೆ ಬಿತ್ತು. ಅಕ್ಕ ಮುಖಕ್ಕೆ ನೀರು ಹಾಕಿಕೊಂಡಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅಕ್ಕ ಯಂತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ನಂಗೂ ಹೇಳ್ಕೊಡು. ಮುಂದಿನ್ ಸಲ ನಾನ್ ಹಿಡ್ಕೋತೀನಿ, ನೀನು ಫೋಟೊ ತೆಗಿ" ಎಂದಳು.

ಬಸ್ಸು ಬರುವವರೆಗೂ ಗುರುತು ಹಾಕುವುದನ್ನು ಅವಳಿಗೆ ಕಲಿಸಿದೆ. ಮೊದಲ ಎರಡು ಸಲ ತಪ್ಪಿದಳು. ಮೂರನೆಯ ಸಲ ಸರಿಯಾಗಿ ಒತ್ತಿದಳು.