ಗಣಪತಿಗೆ ಏರಿದ ಎಲೆ

ಎಲೆ ಮಗುಚಿ ನೋಡುವುದಷ್ಟೇ ನನ್ನ ಕೆಲಸ. ಮೊನಾರ್ಕ್ ಚಿಟ್ಟೆ ಮೊಟ್ಟೆ ಇಡುವುದು, ಎಲೆ ಕಿತ್ತರೆ ಹಾಲು ಸುರಿಸುವ ಮಿಲ್ಕ್‌ವೀಡ್ ಗಿಡದ ಮೇಲೆ ಮಾತ್ರ. ಅದರ ಹುಳು ಬೇರೇನನ್ನೂ ತಿನ್ನುವುದಿಲ್ಲ. ಡಾಲಸ್ ಪಕ್ಕದ ಮರ್ಫಿ ಊರಿನ ನಮ್ಮ ಮನೆಯ ಹಿಂದೆ, ವಾಕಿಂಗ್ ದಾರಿಯ ಪಕ್ಕದಲ್ಲಿ, ಅಂಥ ಗಿಡಗಳು ನಾಲ್ಕಾರಿವೆ. ವಾರಕ್ಕೊಮ್ಮೆ ಅಲ್ಲಿ ಮಂಡಿಯೂರಿ ಹುಡುಕಿ, ಕಂಡದ್ದನ್ನು ವಿಜ್ಞಾನಿಗಳಿಗೆ ತಿಳಿಸುವ ಸ್ವಯಂಸೇವಕಿ ನಾನು. ಕಂಡದ್ದು ಅನ್ನುವುದು ಬರೀ ಬಾಯಿಮಾತು. ಆ ವರ್ಷ ವಸಂತದಿಂದ ನಾನು ಕಳಿಸಿದ್ದೆಲ್ಲ ಸೊನ್ನೆ. "ಸೊನ್ನೆಯೂ ಡೇಟಾನೇ" ಎಂದು ತರಬೇತಿ ಕೊಟ್ಟಾಕೆ ನಗುತ್ತಾ ಹೇಳಿದ್ದಳು. ಡಾಲಸ್ ಬಿಸಿಲಿನಲ್ಲಿ ಬೆನ್ನು ಸುಟ್ಟುಕೊಂಡವರ ಹತ್ತಿರ ಆಡುವ ಮಾತೇ ಅದು! "ಅಮ್ಮಾ, ದೇ ಆರ್ ಗಾನ್" ಎಂದು ಮಗಳು ಫೋನಿನಿಂದ ತಲೆಯೆತ್ತದೆ ಹೇಳಿದಾಗ ರೇಗಿದೆ. ಅವಳು ಹೇಳಿದ್ದು ನಿಜವೆಂದೇ ರೇಗಿದ್ದು.

ಸೆಪ್ಟೆಂಬರಿನಲ್ಲಿ ಒಂದು ಮೊಟ್ಟೆ ಸಿಕ್ಕಿತು. ರವೆ ಕಾಳಿನಷ್ಟು, ಕೆನೆ ಬಣ್ಣ, ಎಳೆಯ ಎಲೆಯ ಅಡಿಯಲ್ಲಿ. ನಾಚಿಕೆಯಿಲ್ಲದೆ ಅಲ್ಲೇ ಕೂತು ಅತ್ತುಬಿಟ್ಟೆ. ಮುಟ್ಟಬಾರದು, ಮನೆಗೆ ತರಬಾರದು ಎನ್ನುವುದು ನಮ್ಮ ನಿಯಮ. ದಿನಾ ಹೋಗಿ ನೋಡಿ ಬರುತ್ತಿದ್ದೆ. ಒಂದು ಸಂಜೆ ಮೊಟ್ಟೆಯ ತುದಿ ಕಪ್ಪಾಗಿತ್ತು. ಅದು ಒಳಗಿನ ಹುಳುವಿನ ತಲೆ. ನಾಳೆ ಹೊರಬರುವುದು ಖಂಡಿತ.

ಮರುದಿನ ಗಣೇಶ ಚೌತಿ. ಹೋಗಿ ನೋಡಿದರೆ ಗಿಡ ಬೋಳು. ತೊಟ್ಟುಗಳಲ್ಲಿ ಹಾಲಿನ್ನೂ ಹಸಿಯಾಗಿತ್ತು. ಮೊಲ ಇಷ್ಟು ಒಪ್ಪವಾಗಿ ಕೀಳುವುದಿಲ್ಲ. ಯಾರನ್ನು ಕೇಳುವುದು? ಹಬ್ಬದ ಅಡುಗೆ ಮಾಡಿದೆ, ಊಟ ಸೇರಲಿಲ್ಲ.

ಸಂಜೆ ಪಕ್ಕದ ಬೀದಿಯ ಅಂಕಲ್ ಕಡುಬಿನ ಡಬ್ಬಿ ಹಿಡಿದು ಬಂದರು. ಮಗಳ ಮನೆಗೆ ಮೈಸೂರಿನಿಂದ ಬಂದವರು. ಬೆಳಗಿನ ವಾಕಿಂಗಿಗೆ ಪ್ಲಾಸ್ಟಿಕ್ ಕವರ್ ಇಲ್ಲದೆ ಹೊರಡುವವರಲ್ಲ. ಯಾರ ಮನೆ ಮುಂದಿನ ಹೂವಾದರೂ ಅದು ದೇವರದ್ದೇ.

"ಪತ್ರೆಗಳಲ್ಲಿ ಎಕ್ಕದ್ದೇ ಸಿಕ್ಕಿರ್ಲಿಲ್ಲ ಕಣಮ್ಮ. ನೋಡಿದ್ರೆ ನಿಮ್ಮನೆ ಹಿಂದೇನೇ ಇದೆ! ಎಲೆ ಸಣ್ಣದು, ಆದ್ರೆ ಕಿತ್ತ ತಕ್ಷಣ ಹಾಲು ಬಂತು. ಎಕ್ಕಾನೇ!"

ಪೂರ್ತಿ ತಪ್ಪೂ ಅಲ್ಲ, ಎರಡೂ ಒಂದೇ ಕುಟುಂಬದ ಗಿಡಗಳು. "ಆ ಎಲೆಗಳು ಎಲ್ಲಿ ಅಂಕಲ್?" ಎಂದೆ.

"ಗಣಪತಿ ಜೊತೇಲೇ. ಈಗ ತಾನೇ ಬಕೆಟ್ಟಲ್ಲಿ ಬಿಟ್ವಿ."

ಚಪ್ಪಲಿ ಹಾಕದೆ ಓಡಿದೆ. ಅವರ ಗ್ಯಾರೇಜಿನಲ್ಲಿದ್ದ ಬಕೆಟ್ಟಿನಲ್ಲಿ ಮಣ್ಣಿನ ಗಣಪತಿ ಆಗಲೇ ಕೆಸರಾಗುತ್ತಿದ್ದ. ಮೊಣಕೈವರೆಗೆ ಕೈ ಹಾಕಿ ಎಲೆಗಳನ್ನು ಒಂದೊಂದಾಗಿ ತೆಗೆದು ಮಗುಚತೊಡಗಿದೆ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅಂಕಲ್ ಗಾಬರಿಯಿಂದ, "ಏನು ಬಿತ್ತಮ್ಮ? ಉಂಗುರಾನಾ?" ಎಂದರು. ಉತ್ತರಕ್ಕೂ ಕಾಯದೆ ಅವರೂ ಅಂಗಿಯ ತೋಳು ಮಡಚಿ ಕೆಸರಿಗೆ ಕೈ ಹಾಕಿದರು.

ಒಂದು ಎಳೆಯ ಎಲೆಯಲ್ಲಿ ಸೂಜಿಯ ಮೊನೆಯಷ್ಟು ತೂತಿತ್ತು. ಹೊಸ ಹುಳು ಮೊದಲು ಕಚ್ಚಿ ತಿಂದ ಗುರುತದು. ಮಂತ್ರ, ಮಂಗಳಾರತಿಗಳ ನಡುವೆ ಯಾವಾಗಲೋ ಅದು ಹುಟ್ಟಿತ್ತು, ಹಸಿದಿತ್ತು, ತಿಂದಿತ್ತು. ಆ ತೂತಿನ ಪಕ್ಕದಲ್ಲೇ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ತಟ್ಟಿದೆ. ಅಲುಗಲಿಲ್ಲ.

"ಸಿಕ್ತಾ ಅಮ್ಮ?" ಎಂದು ಅಂಕಲ್ ಆಸೆಯಿಂದ ಕೇಳಿದರು.

ಸಿಕ್ಕಿತ್ತು. ಇಡೀ ವರ್ಷದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಹುಳು.